ಯಂತ್ರ ಹೇಳಿತು ಎಂದ ಮಾತ್ರಕ್ಕೆ

ಯಂತ್ರಕ್ಕೆ ಪಕ್ಷಪಾತವಿಲ್ಲ, ಅದು ಸುಳ್ಳಾಡದು ಎಂಬ ಮಾತನ್ನು ಓದಿದವರೇ ಹೆಚ್ಚಾಗಿ ಆಡುತ್ತಾರೆ. ಪ್ರಯೋಗಾಲಯದ ವರದಿಯಲ್ಲಿ ದಶಾಂಶ ಬಿಂದುವಿನ ಮುಂದೆ ಒಂದೆರಡು ಅಂಕಿ ಕಂಡರಂತೂ ಅದು ಬ್ರಹ್ಮಲಿಖಿತವೇ ಸರಿ! ಈ ನಂಬಿಕೆಯನ್ನು ನಾವು ಒಪ್ಪುವುದಿಲ್ಲ.

2015ರ ನೂಡಲ್ಸ್ ಪ್ರಕರಣವನ್ನು ಓದುಗರು ಮರೆತಿರಲಾರರು. ಮುಂಬಯಿಯ ನಮ್ಮ ಮನೆಗಳಲ್ಲಿ ಅವಲಕ್ಕಿ ಉಪ್ಪಿಟ್ಟುಗಳ ಜಾಗಕ್ಕೆ ಮ್ಯಾಗಿ ಬಂದು ಕುಳಿತು ಎಷ್ಟೋ ಕಾಲವಾಗಿತ್ತು. (ಅದು ಸರಿಯೋ ತಪ್ಪೋ ಎಂಬುದು ಬೇರೆ ಜಗಳ.) ಉತ್ತರ ಪ್ರದೇಶದಲ್ಲಿ ತೆಗೆದ ಮಾದರಿಯೊಂದರಲ್ಲಿ ಹತ್ತು ಲಕ್ಷ ಭಾಗಕ್ಕೆ 17.2 ಭಾಗ ಸೀಸವಿದೆಯೆಂದು ಕೋಲ್ಕತ್ತದ ಕೇಂದ್ರ ಪ್ರಯೋಗಾಲಯ ವರದಿ ಮಾಡಿತು. ಮಿತಿ ಇದ್ದದ್ದು 2.5. ಜೂನ್ 5ರಂದು ದೇಶದ ಎಲ್ಲ ಅಂಗಡಿಗಳಿಂದ ಸರಕನ್ನು ಹಿಂತೆಗೆಯುವಂತೆ ಆಹಾರ ಸುರಕ್ಷತಾ ಪ್ರಾಧಿಕಾರ ಅಪ್ಪಣೆ ಮಾಡಿತು. ಆಗಸ್ಟ್ 13ರಂದು ಮುಂಬಯಿ ಹೈಕೋರ್ಟು ಆ ಅಪ್ಪಣೆಯನ್ನು ರದ್ದುಪಡಿಸಿತು. ಪರೀಕ್ಷೆ ಮಾಡಿದ ಪ್ರಯೋಗಾಲಯಗಳಿಗೆ ಬೇಕಾದ ಮಾನ್ಯತೆಯೇ ಇರಲಿಲ್ಲವೆಂಬುದು ಅದು ಕೊಟ್ಟ ಕಾರಣಗಳಲ್ಲೊಂದು. ಮೊಹಾಲಿ, ಜೈಪುರ, ಹೈದರಾಬಾದುಗಳಲ್ಲಿ ಹೊಸದಾಗಿ ಪರೀಕ್ಷೆಯಾಯಿತು. ಮೂರೂ ಕಡೆ ಸೀಸ ಮಿತಿಯೊಳಗೇ ಇತ್ತು. ಸುಪ್ರೀಂ ಕೋರ್ಟಿನ ಸೂಚನೆಯಂತೆ ನಮ್ಮ ಮೈಸೂರಿನ ಸಿ.ಎಫ್.ಟಿ.ಆರ್.ಐ.ಗೆ ಹೋದ ಮಾದರಿಗಳಲ್ಲೂ ಅಷ್ಟೇ.

ಎಲ್ಲರೂ ಪರೀಕ್ಷಿಸಿದ್ದು ಒಂದೇ ಪೊಟ್ಟಣವನ್ನಲ್ಲ, ನಿಜ. ಕೋಲ್ಕತ್ತದ ಅಂಕಿ ತಪ್ಪೆಂದು ತೀರ್ಪು ಕೊಡಲು ನಾವು ಹೊರಟಿಲ್ಲ. ಜನರ ಕೈಗೆ ಬಂದದ್ದು ಬರಿಯ ಒಂದು ಅಂಕಿ, ಅದು ಹುಟ್ಟಿದ ಬಗೆಯಲ್ಲ ಎಂಬುದೇ ನಮ್ಮ ತಕರಾರು.

ಸೀಸವನ್ನು ಅಳೆಯುವ ರೂಢಿಯ ಒಂದು ವಿಧಾನವನ್ನೇ ನೋಡೋಣ. ಇದಕ್ಕೆ ಅಟಾಮಿಕ್ ಅಬ್ಸಾರ್ಪ್ಷನ್ ಎಂದು ಹೆಸರು. ಆಹಾರವನ್ನು ಆಮ್ಲದಲ್ಲಿ ಕರಗಿಸಿ, ಆ ದ್ರಾವಣವನ್ನು ಪುಟ್ಟ ಕುಲುಮೆಯಲ್ಲಿ ಕಾಯಿಸಿ ಆವಿ ಮಾಡುತ್ತಾರೆ. ಅದರ ಮೂಲಕ ಸೀಸದ ಪರಮಾಣು ಹೀರುವಂಥ ಬೆಳಕನ್ನೇ, ಅಂದರೆ 283.3 ನ್ಯಾನೋಮೀಟರ್ ತರಂಗದ ಬೆಳಕನ್ನು, ಹಾಯಿಸುತ್ತಾರೆ. ಬೆಳಕು ಎಷ್ಟು ಕುಂದಿತೋ ಸೀಸ ಅಷ್ಟು ಎಂದು ಲೆಕ್ಕ. ಆದರೆ ಬೆಳಕು ಕುಂದಿತೆಂಬುದಷ್ಟೇ ಯಂತ್ರಕ್ಕೆ ಗೊತ್ತು, ಕದ್ದವರಾರೆಂಬುದು ಗೊತ್ತಿಲ್ಲ. ಉಪ್ಪಿನ ಆವಿಯೂ ಕದಿಯುತ್ತದೆ, ಹೊಗೆಯೂ ಕದಿಯುತ್ತದೆ. ಉಪ್ಪು ತುಂಬಿದ ಮಸಾಲೆಪುಡಿಯನ್ನು ಹೀಗೆ ಅಳೆಯುವಾಗ ಹಿನ್ನೆಲೆಯ ಈ ಹೀರಿಕೆಯನ್ನು ಕಳೆಯದೆ ಬಿಟ್ಟರೆ ಇಲ್ಲದ ಸೀಸವೂ ಅಂಕಿಯಾಗಿ ಮೂಡುತ್ತದೆ. ಕಳೆಯುವ ಉಪಾಯಗಳು ಹಲವು ದಶಕಗಳಿಂದ ಇವೆ, ಬಳಸಬೇಕಾದವನು ಮನುಷ್ಯ.

ಇನ್ನು ಹೊರಗಿನಿಂದ ಬಂದು ಸೇರುವ ಸೀಸ. 1956ರಲ್ಲಿ ಭೂಮಿಯ ವಯಸ್ಸು 455 ಕೋಟಿ ವರ್ಷವೆಂದು ಪ್ರಕಟಿಸಿದ ಅಮೆರಿಕದ ಕ್ಲೇರ್ ಪ್ಯಾಟರ್ಸನ್ನರನ್ನು ಬಹಳ ಕಾಡಿದ್ದು ಅವರ ಪ್ರಯೋಗಾಲಯದ ಸೀಸವೇ. ಧೂಳಿನಲ್ಲಿ, ರಾಸಾಯನಿಕಗಳಲ್ಲಿ, ಎಲ್ಲೆಲ್ಲೂ ಸೀಸ! ಕೋಣೆಯನ್ನೇ ಶುದ್ಧಗೊಳಿಸಿದ ಮೇಲಷ್ಟೇ ಅವರ ಅಂಕಿಗೆ ಅರ್ಥ ಬಂದದ್ದು. ಈಗಿನ ಐ.ಸಿ.ಪಿ. ಮಾಸ್ ಸ್ಪೆಕ್ಟ್ರೋಮೀಟರ್ ಇನ್ನೂ ಸೂಕ್ಷ್ಮ. ಆದ್ದರಿಂದ ಧೂಳಿನ ಸೀಸವನ್ನು ಅದು ಇನ್ನೂ ಚೆನ್ನಾಗಿ ಅಳೆಯುತ್ತದೆ.

ಇಂಥ ಸಂಶಯಗಳನ್ನೆತ್ತಿದರೆ ಕಲಬೆರಕೆ ಮಾಡುವವರಿಗೆ ಅನುಕೂಲವಲ್ಲವೇ ಎಂದು ಕೇಳುವವರಿದ್ದಾರೆ. ನಿಜಸ್ಥಿತಿ ಇದಕ್ಕೆ ವಿರುದ್ಧ. ಕಲಬೆರಕೆದಾರನನ್ನು ಬಿಡಿಸುವುದು ಅಡ್ಡಾದಿಡ್ಡಿ ಪರೀಕ್ಷೆ. ಪಾಟೀಸವಾಲಿಗೆ ನಿಲ್ಲದ ವರದಿಯನ್ನು ನಂಬಿ ಹೂಡಿದ ಮೊಕದ್ದಮೆ ಬಿದ್ದುಹೋಗುತ್ತದೆ. ಆಮೇಲೆ ನಿಜವಾಗಿ ವಿಷ ಬೆರೆಸಿದವನೂ ಅದನ್ನೇ ತೋರಿಸಿ ಮೀಸೆ ತಿರುವುತ್ತಾನೆ.

2006ರ ಆಹಾರ ಸುರಕ್ಷತಾ ಕಾಯಿದೆಯ 40ನೆಯ ಕಲಮಿನಂತೆ ಕೊಂಡವರು ಶುಲ್ಕ ತೆತ್ತು ತಾವೇ ಪರೀಕ್ಷೆ ಮಾಡಿಸಬಹುದೆಂಬುದು ನಮ್ಮಲ್ಲಿ ಎಷ್ಟು ಮನೆಗಳಿಗೆ ಗೊತ್ತು? ಕೊಳ್ಳುವಾಗಲೇ ಅಂಗಡಿಯವನಿಗೆ ಹಾಗೆಂದು ತಿಳಿಸಿರಬೇಕು. ದೋಷ ಸಾಬೀತಾದರೆ ಶುಲ್ಕ ವಾಪಸು. ವರದಿ ಬಂದಾಗ ಅಂಕಿಯನ್ನು ಓದಿ ಮಡಿಸಿಡಬೇಡಿ. ಮಾದರಿಯೇ ಇಲ್ಲದ ಬರಿಯ ಆಮ್ಲಕ್ಕೆ ಯಂತ್ರ ಎಷ್ಟು ತೋರಿಸಿತು? ಸೀಸದ ಪ್ರಮಾಣ ಮೊದಲೇ ಗೊತ್ತಿರುವ ಪ್ರಮಾಣಿತ ಮಾದರಿಯನ್ನು ಅದೇ ದಿನ ಓಡಿಸಿದ್ದರೇ, ಬಂದ ಉತ್ತರವೇನು? ಅಂಕಿಯ ಆಚೀಚೆ ಎಷ್ಟು ಅನಿಶ್ಚಿತತೆ? ಸೀಸ ಅಳೆಯಲು ಆ ಪ್ರಯೋಗಾಲಯಕ್ಕೆ ಮಾನ್ಯತೆ ಉಂಟೇ? ಇವನ್ನು ಬರೆದು ಕೇಳಿ. ಸರ್ಕಾರಿ ಪ್ರಯೋಗಾಲಯಗಳು ಯಾರೂ ಕೇಳದೆಯೇ ಇವನ್ನು ವರದಿಯಲ್ಲಿ ಅಚ್ಚುಹಾಕಬೇಕೆಂಬುದು ನಮ್ಮ ಆಗ್ರಹ.