ಸಂಪಿಗೆ ಮೂಗು, ಗದ್ದದ ಹಚ್ಚೆ

ಇಪ್ಪತ್ತು ಇಪ್ಪತ್ತೆರಡರ ಹುಡುಗನೋ ಹುಡುಗಿಯೋ "ಮೂಗು ಸರಿ ಮಾಡಿಸ್ಕೋತೀನಿ" ಅಂತ ಮನೆಯಲ್ಲಿ ಬಾಯಿಬಿಟ್ಟರೆ ನಮ್ಮ ಕಡೆ ಸಿಗೋದು ಎರಡೇ ಉತ್ತರ. ಹಿರಿಯರದ್ದು, "ದೇವ್ರು ಕೊಟ್ಟಿದ್ದನ್ನ ಕೊಯ್ಸಿಕೊಳ್ಳೋಕೆ ನಿಂಗೇನು ತಲೆ ಕೆಟ್ಟಿದೆಯಾ?" ಗೆಳೆಯರದ್ದು, "ಮಾಡಿಸ್ಕೋ ಮಗಾ, ಈಗ ಎಲ್ರೂ ಮಾಡಿಸ್ಕೋತಾರೆ, ಅರ್ಧ ದಿನದ ಕೆಲ್ಸ." ಎರಡೂ ಹೇಳೋರಿಗೆ ಸುಲಭ. ಆದರೆ ಕನ್ನಡಿ ಮುಂದೆ ನಿಂತು ಒದ್ದಾಡುತ್ತಿರುವ ಆ ಹುಡುಗಿಗೆ ಎರಡರಿಂದಲೂ ಮೂರು ಕಾಸಿನ ಉಪಯೋಗ ಇಲ್ಲ. ಇವೆರಡರ ನಡುವೆ ಹೇಳಬೇಕಾದ್ದು ಬಹಳ ಇದೆ ಅನ್ನಿಸಿ ಇಷ್ಟುದ್ದ ಬರೆಯುತ್ತಿದ್ದೇನೆ. ನಾನು ಡಾಕ್ಟರಲ್ಲ. ಓದಿ, ಕೇಳಿ ತಿಳಿದುಕೊಂಡದ್ದನ್ನು, ನನಗೆ ಅನ್ನಿಸಿದ್ದನ್ನು ಹೇಳುತ್ತೇನೆ, ಅಷ್ಟೆ.

ಮೊದಲು ಒಂದು ಮಾತು. ಮುಖ ಬದಲಾಯಿಸಿಕೊಳ್ಳೋದು ಈಗಿನ ಹುಡುಗರ ಹುಚ್ಚು ಅನ್ನೋದನ್ನ ನಾನು ಒಪ್ಪೋದಿಲ್ಲ.

ನಮ್ಮೂರು ನ್ಯಾಮತಿ ತಾಲ್ಲೂಕಿನಲ್ಲಿ, ಸೂರಗೊಂಡನಕೊಪ್ಪದ ಹತ್ತಿರ. ಗೊತ್ತಿಲ್ಲದವರಿಗೆ ಹೇಳೋದಾದರೆ, ಅದು ಲಂಬಾಣಿಗರ ಸಂತ ಸೇವಾಲಾಲರ ಜನ್ಮಸ್ಥಳ. ಅವರು ಹುಟ್ಟಿದ್ದು ೧೭೩೯ರ ಫೆಬ್ರವರಿ ೧೫ರಂದು ಅಂತ ನಂಬಿಕೆ. ಪ್ರತಿ ಫೆಬ್ರವರಿಯಲ್ಲಿ ಅಲ್ಲಿ ಜಯಂತಿ ನಡೆಯುತ್ತದೆ. ಮಾಲೆ ಹಾಕಿದವರು ಬಿಳಿ ಬಟ್ಟೆಯಲ್ಲಿ ಕಾಲ್ನಡಿಗೆಯಲ್ಲೇ ಬರುತ್ತಾರೆ, ಬೇರೆ ರಾಜ್ಯಗಳಿಂದಲೂ ಜನ ಸೇರುತ್ತಾರೆ. ಆ ಜನಸಾಗರದಲ್ಲಿ ವಯಸ್ಸಾದ ಹೆಂಗಸರ ಮುಖ ಒಮ್ಮೆ ಗಮನಿಸಿ. ಗದ್ದದ ಮೇಲೆ ಚುಕ್ಕಿ, ಮೂಗಿನ ಪಕ್ಕ ಚುಕ್ಕಿ, ಕೈತುಂಬಾ ಹಸಿರು ಹಚ್ಚೆ. ಭಾರದ ಓಲೆಗೆ ಜಗ್ಗಿ ಜಗ್ಗಿ ಉದ್ದವಾದ ಕಿವಿ. ಲಂಬಾಣಿಗರಲ್ಲಿ ಮಾತ್ರ ಅಲ್ಲ, ನಮ್ಮ ಮನೆಗಳ ಅಜ್ಜಿಯರನ್ನೂ ನೆನಪಿಸಿಕೊಳ್ಳಿ. ಕೊರವಂಜಿ ಬಂದಾಗ ಮಕ್ಕಳನ್ನು ಹಿಡಿದು ಕೂರಿಸಿ ಹಚ್ಚೆ ಹಾಕಿಸುತ್ತಿದ್ದರು. ಅರಿವಳಿಕೆ ಇಲ್ಲ, ಏನಿಲ್ಲ. ಸೂಜಿ, ದೀಪದ ಕಪ್ಪು, ಮಗುವಿನ ಕಿರುಚಾಟ. ಇವತ್ತಿಗೂ ಹಸುಗೂಸಿನ ಕಿವಿ ಚುಚ್ಚಿಸುವಾಗ ನಾವ್ಯಾರೂ ಕೂಸಿನ ಒಪ್ಪಿಗೆ ಕೇಳೋದಿಲ್ಲ.

ಅಂದರೆ ಮುಖಕ್ಕೆ ಸೂಜಿ ಹಾಕೋದು ನಮಗೆ ಹೊಸದಲ್ಲ. ಆಗ ನಿರ್ಧಾರ ಮಾಡುತ್ತಿದ್ದದ್ದು ಕುಲ ಮತ್ತು ಮನೆ. ಈಗ ಆ ಮುಖದ ಒಡೆಯನೇ, ಒಡತಿಯೇ ನಿರ್ಧಾರ ಮಾಡುತ್ತೇನೆ ಅನ್ನುತ್ತಾರೆ. ನಿಜಕ್ಕೂ ಅವರೇ ಮಾಡುತ್ತಿದ್ದಾರಾ ಅನ್ನೋದೇ ನನ್ನ ಪ್ರಶ್ನೆ.

ನನಗೆ ಗೊತ್ತಿರುವ ತಾಂಡಾದ ಹುಡುಗಿಯೊಬ್ಬಳು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ. ಚಿಕ್ಕವಳಿದ್ದಾಗ ಅಜ್ಜಿ ಅವಳ ಗದ್ದದ ಮೇಲೆ ಮೂರು ಚುಕ್ಕಿ ಹಾಕಿಸಿದ್ದಳು. ಈಗ ಲೇಸರ್‌ನಲ್ಲಿ ತೆಗೆಸುತ್ತೇನೆ ಅಂತ ಇವಳು, ಬೇಡ ಅಂತ ಅಜ್ಜಿ. ಅಜ್ಜಿ ನನ್ನ ಹತ್ತಿರ ಹೇಳಿದ್ದು, "ಸತ್ ಮೇಲೆ ಮೈಮೇಲಿನ ಚಿನ್ನ ಬಿಚ್ಕಂತಾರೆ ಕಣಪ್ಪ, ಹಚ್ಚೆ ಯಾರಾದ್ರೂ ಬಿಚ್ಕಂತಾರಾ? ಅದೊಂದೇ ಜೊತೆಗ್ ಬರಾದು." ಮೊಮ್ಮಗಳು ಹೇಳಿದ್ದು, "ಅಣ್ಣಾ, ಹಾಕ್ಸುವಾಗ ನನ್ನ ಯಾರಾದ್ರೂ ಕೇಳಿದ್ರಾ? ತೆಗ್ಸೋಕೆ ಮಾತ್ರ ಯಾಕೆ ಎಲ್ರನ್ನೂ ಕೇಳ್ಬೇಕು?"

ನಾನು ಮೊಮ್ಮಗಳ ಪರ. ಅಜ್ಜಿಯ ಮಾತು ಮನಸ್ಸಿಗೆ ಎಷ್ಟೇ ನಾಟಿದರೂ ಗದ್ದ ಮೊಮ್ಮಗಳದ್ದು. ಆದರೂ ಒಂದು ಪ್ರಶ್ನೆ ಕೇಳಿದೆ: "ಬೆಂಗ್ಳೂರಲ್ಲಿ ಯಾರೂ ಇದೇನಿದು ಅಂತ ಕೇಳ್ದೇ ಇದ್ದಿದ್ರೆ ತೆಗೆಸ್ತಿದ್ಯಾ?" ಸ್ವಲ್ಪ ಹೊತ್ತು ಸುಮ್ಮನಿದ್ದು "ಗೊತ್ತಿಲ್ಲ" ಅಂದಳು. ಚರ್ಮದ ಡಾಕ್ಟರ ಹತ್ತಿರ ಹೋಗಿ ಕೇಳಿಕೊಂಡು ಬಂದಿದ್ದಾಳೆ. ಒಂದೇ ಸಲಕ್ಕೆ ಹೋಗೋದಿಲ್ಲ, ಆರೆಂಟು ವಾರಕ್ಕೊಮ್ಮೆ ಹಲವು ಸಲ ಬರಬೇಕು, ನಮ್ಮಂಥ ಕಂದು ಚರ್ಮದಲ್ಲಿ ಆ ಜಾಗ ಬಿಳಿಚಿಕೊಳ್ಳಬಹುದು ಅಥವಾ ಇನ್ನೂ ಕಪ್ಪಾಗಬಹುದು ಅಂತ ಅವರು ಬಿಡಿಸಿ ಹೇಳಿದ್ದಾರೆ. ಇವಳು ಇನ್ನೂ ಯೋಚನೆ ಮಾಡುತ್ತಿದ್ದಾಳೆ. ಆ "ಗೊತ್ತಿಲ್ಲ" ಅನ್ನುವ ಉತ್ತರ ನನಗೆ ಬಹಳ ಇಷ್ಟವಾಯಿತು. ಗೊತ್ತಾಗುವ ತನಕ ಕಾಯುವುದಕ್ಕೆ ಅದು ಒಳ್ಳೆಯ ಕಾರಣ.

ಎಲ್ಲರಿಗೂ ಹಾಗೆ ಕಾಯಲು ಬಿಡುವವರು ಸಿಗೋದಿಲ್ಲ. ನಮ್ಮಲ್ಲಿ ಗಡುವು ಹಾಕುವವರೇ ಬೇರೆ. ಮೊದಲನೆಯದು ಮದುವೆ. ಸಂಪಿಗೆಯಂಥ ಮೂಗು, ತೊಂಡೆಹಣ್ಣಿನಂಥ ತುಟಿ ಅಂತ ಹೊಗಳುತ್ತಾ ಬಂದ ಭಾಷೆ ನಮ್ಮದು. ಸಂಪಿಗೆ ಆಗದ ಮೂಗಿಗೆ ಮೊಂಡು ಮೂಗು, ಚಪ್ಪಟೆ ಮೂಗು, ಗಿಣಿ ಮೂಗು ಅಂತ ಹೆಸರಿಟ್ಟವರೂ ನಾವೇ. ಹೆಣ್ಣು ನೋಡೋಕೆ ಬಂದವರು ಉಪ್ಪಿಟ್ಟು ತಿಂದು ಹೋಗಿ "ಹುಡುಗಿ ಒಳ್ಳೇವ್ಳು, ಮುಖ ಸ್ವಲ್ಪ..." ಅಂತ ಹೇಳಿ ಕಳಿಸುತ್ತಾರೆ. ಅದೇ ಮನೆಯವರು, ದೇವರು ಕೊಟ್ಟ ಮುಖ ಮುಟ್ಟಬೇಡ ಅನ್ನುತ್ತಿದ್ದವರು, ಮೂರನೇ ಗಂಡು ಹಿಂದೆ ಹೋದ ಮೇಲೆ "ಅದೇನೋ ಆಪರೇಷನ್ ಇದೆಯಂತಲ್ಲ" ಅನ್ನೋಕೆ ಶುರು ಮಾಡುತ್ತಾರೆ. ಹುಡುಗಿಗೆ ಹದಿನೆಂಟು ತುಂಬಿದೆ, ಸಹಿ ಅವಳದ್ದೇ, ಕಾನೂನಿನ ಪ್ರಕಾರ ಎಲ್ಲ ಸರಿ. ಆದರೆ ಅದು ಅವಳ ನಿರ್ಧಾರವಾ?

ಎರಡನೆಯದು ಕೈಯಲ್ಲಿರುವ ಫೋನು. ಇದರ ಬಗ್ಗೆ ಓದಿದಾಗ ನನಗೇ ಅಚ್ಚರಿಯಾಯಿತು. ಮುಖದಿಂದ ೧೨ ಇಂಚು ದೂರದಲ್ಲಿ ಹಿಡಿದು ಸೆಲ್ಫಿ ತೆಗೆದರೆ, ಐದು ಅಡಿ ದೂರದಿಂದ ತೆಗೆದ ಫೋಟೋಗಿಂತ ಮೂಗು ಸುಮಾರು ಶೇ ೩೦ರಷ್ಟು ಅಗಲ ಕಾಣುತ್ತದಂತೆ. ಅಮೆರಿಕದ ಸರ್ಜನ್‌ಗಳು ೨೦೧೮ರಲ್ಲಿ ಇದನ್ನು ಲೆಕ್ಕ ಹಾಕಿ ತೋರಿಸಿದ್ದಾರೆ. ಕ್ಯಾಮೆರಾಗೆ ಹತ್ತಿರ ಇರೋದು ದೊಡ್ಡದಾಗಿ ಕಾಣುತ್ತೆ, ಇಷ್ಟೇ ವಿಷಯ. ಅಂದರೆ ದಿನಕ್ಕೆ ಇಪ್ಪತ್ತು ಸಲ ನೋಡಿ ಕೊರಗುವ ಆ ಮೂಗು ಎದುರಿಗೆ ಕೂತವರಿಗೆ ಹಾಗೆ ಕಾಣೋದೇ ಇಲ್ಲ! ಅದರ ಮೇಲೆ ಚರ್ಮ ನುಣುಪು ಮಾಡುವ, ದವಡೆ ಚೂಪು ಮಾಡುವ ಫಿಲ್ಟರ್ ಬೇರೆ. ಮೊದಲು ನಟಿಯ ಫೋಟೋ ಹಿಡಿದು ಡಾಕ್ಟರ ಹತ್ತಿರ ಹೋಗುತ್ತಿದ್ದರು, ಈಗ ಫಿಲ್ಟರ್ ಹಾಕಿದ ತಮ್ಮದೇ ಫೋಟೋ ಹಿಡಿದು ಹೋಗುತ್ತಾರೆ. ಆಪರೇಷನ್ ಯೋಚನೆ ಬಂದವರು ಮೊದಲು ಮಾಡಬೇಕಾದ್ದು, ಗೆಳೆಯರೊಬ್ಬರಿಂದ ಐದಾರು ಅಡಿ ದೂರದಿಂದ ಒಂದು ಫೋಟೋ ತೆಗೆಸಿಕೊಳ್ಳುವುದು. ಖರ್ಚಿಲ್ಲ, ನೋವಿಲ್ಲ :)

ಹಾಗಂತ ಇದೆಲ್ಲ ಬರೀ ಶೋಕಿ ಅಂತ ತಳ್ಳಿಹಾಕಲೂ ಆಗದು. ಮೂಗು ಕಟ್ಟುವ ವಿದ್ಯೆ ಹುಟ್ಟಿದ್ದೇ ನಮ್ಮ ದೇಶದಲ್ಲಿ, ಸುಶ್ರುತ ಸಂಹಿತೆಯಲ್ಲಿ ಅದರ ವಿವರ ಇದೆ. ಜಗತ್ತಿಗೆ ಅದು ಮತ್ತೆ ಗೊತ್ತಾಗಿದ್ದರ ಹಿಂದೆ ಮೈಸೂರಿನ ಯುದ್ಧವೇ ಇದೆ. ೧೭೯೨ರ ಯುದ್ಧದಲ್ಲಿ ಇಂಗ್ಲಿಷರ ಸೈನ್ಯಕ್ಕೆ ಎತ್ತು ಹೊಡೆಯುತ್ತಿದ್ದ ಕೊವಾಸ್ಜಿ ಅನ್ನುವ ಮರಾಠಾ ಮನುಷ್ಯ ಟಿಪ್ಪುವಿನ ಕಡೆಯವರ ಕೈಗೆ ಸಿಕ್ಕಿ ಮೂಗು, ಒಂದು ಕೈ ಎರಡನ್ನೂ ಕಳೆದುಕೊಂಡ. ಸುಮಾರು ಒಂದು ವರ್ಷ ಮೂಗಿಲ್ಲದೆ ಇದ್ದು, ಆಮೇಲೆ ಪುಣೆಯ ಕಡೆಯ, ಇಟ್ಟಿಗೆ ಮಾಡುವ ಕುಲದ ಒಬ್ಬ ಕುಶಲಿಯಿಂದ ಹಣೆಯ ಚರ್ಮ ತಿರುಗಿಸಿ ಹೊಸ ಮೂಗು ಕಟ್ಟಿಸಿಕೊಂಡ. ಈ ಸುದ್ದಿ ಚಿತ್ರದ ಸಮೇತ ೧೭೯೪ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಪತ್ರಿಕೆಯಲ್ಲಿ ಬಂತು. ಅದನ್ನು ಓದಿ ಅಲ್ಲಿಯ ಸರ್ಜನ್ ಜೋಸೆಫ್ ಕಾರ್ಪ್ಯೂ ೧೮೧೪ರಲ್ಲಿ ಅದೇ ಕ್ರಮದಲ್ಲಿ ಆಪರೇಷನ್ ಮಾಡಿದ. ಇವತ್ತಿನ ಪ್ಲಾಸ್ಟಿಕ್ ಸರ್ಜರಿಯ ಬೇರಿನಲ್ಲಿ ಹೀಗೆ ಒಬ್ಬ ಎತ್ತು ಹೊಡೆಯುವವನ ನೋವಿದೆ. ಸೀಳುತುಟಿಯ ಮಗು, ಸುಟ್ಟ ಮುಖ, ಬೈಕಿನಿಂದ ಬಿದ್ದು ಮುರಿದ ಮೂಗು, ಓಲೆಯ ಭಾರಕ್ಕೆ ಹರಿದ ಕಿವಿ... ಇವನ್ನು ಸರಿ ಮಾಡಿಸಿಕೊಂಡವರನ್ನು ಯಾರೂ ನಗೋದಿಲ್ಲ. ಹುಟ್ಟು ಮೂಗೇ ಸೊಟ್ಟಗಿದ್ದು, ಶಾಲೆಯುದ್ದಕ್ಕೂ ಅಡ್ಡಹೆಸರು ಕೇಳಿಸಿಕೊಂಡು ಬೆಳೆದವನನ್ನು ಮಾತ್ರ ಯಾಕೆ ನಗಬೇಕು? ಅವನ ನೋವು ಎಕ್ಸ್-ರೇನಲ್ಲಿ ಕಾಣೋದಿಲ್ಲ ಅಂತಲಾ?

ಇನ್ನು ಮಾಡಿಸಿಕೊಳ್ಳಬೇಕು ಅಂತಲೇ ಇರುವವರಿಗೆ. ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ್ದು, ಹಿಂದಕ್ಕೆ ಬರಲು ಆಗುವುದು ಯಾವುದು, ಆಗದಿರುವುದು ಯಾವುದು ಅಂತ ಬೇರೆ ಮಾಡಿ ನೋಡುವುದು. ಬೊಟಾಕ್ಸ್ ಮೂರ್ನಾಲ್ಕು ತಿಂಗಳಿಗೆ ಇಳಿಯುತ್ತದೆ. ತುಟಿಗೆ, ಕೆನ್ನೆಗೆ ತುಂಬುವ ಹಯಲುರಾನಿಕ್ ಆಮ್ಲದ ಫಿಲ್ಲರ್ ಆರು ತಿಂಗಳಿಂದ ಒಂದೂವರೆ ವರ್ಷದೊಳಗೆ ಕರಗುತ್ತದೆ, ಬೇಡವಾದರೆ ಇಂಜೆಕ್ಷನ್ ಕೊಟ್ಟು ಕರಗಿಸಲೂ ಬಹುದು. ಇದರಲ್ಲೂ ಅಪಾಯ ಇಲ್ಲವೆಂದಲ್ಲ. ಫಿಲ್ಲರ್ ರಕ್ತನಾಳಕ್ಕೆ ಹೋದರೆ ಚರ್ಮ ಸಾಯಬಹುದು, ಅಪರೂಪಕ್ಕೆ ಕಣ್ಣೇ ಹೋಗಬಹುದು. ಮೂಳೆ ಕೊಯ್ದು ಮಾಡಿದ ಮೂಗು ಹಾಗಲ್ಲ. ಅದು ಜೀವನಪೂರ್ತಿ. ಊತ ಪೂರ್ತಿ ಇಳಿದು ಮೂಗು ತನ್ನ ಆಕಾರಕ್ಕೆ ಬರೋಕೆ ವರ್ಷ ಹಿಡಿಯುತ್ತದೆ, ಕೆಲವರಿಗೆ ಎರಡನೇ ಆಪರೇಷನ್ ಬೇಕಾಗುತ್ತದೆ. ಕೆನ್ನೆಯೊಳಗಿನ ಕೊಬ್ಬು ತೆಗೆಸಿ ಮುಖ ತೆಳ್ಳಗೆ ಮಾಡಿಸುವುದು ಈಗಿನ ಫ್ಯಾಷನ್. ಇಪ್ಪತ್ತರಲ್ಲಿ ಚೆನ್ನಾಗೇ ಕಾಣಬಹುದು. ಆದರೆ ವಯಸ್ಸಾದಂತೆ ಎಲ್ಲರ ಕೆನ್ನೆಯೂ ತಾನಾಗಿಯೇ ಒಣಗುತ್ತದೆ, ಆಗ ತೆಗೆಸಿಕೊಂಡವರ ಮುಖ ಗುಳಿಬೀಳಬಹುದು. ತೆಗೆದದ್ದನ್ನು ವಾಪಸ್ ಇಡಲು ಬರೋದಿಲ್ಲ. ಗುಳಿಕೆನ್ನೆ ಮಾಡಿಸುವುದೂ ಅಷ್ಟೆ, ಬೇಡವಾದಾಗ ಅಳಿಸುವುದು ಕಷ್ಟ.

ಅದಕ್ಕೇ ನನ್ನ ಮಾತು, ಹಿಂದಕ್ಕೆ ಬಾರದ್ದಕ್ಕೆ ಒಂದು ವರ್ಷ ಕಾಯಿರಿ. ಒಂದು ವರ್ಷ ಆದಮೇಲೂ, ಮದುವೆ ಮಾತು ಇಲ್ಲದಾಗಲೂ, ಫೋನು ಪಕ್ಕಕ್ಕಿಟ್ಟಾಗಲೂ ಅದೇ ಆಸೆ ಇದ್ದರೆ ಅದು ನಿಮ್ಮದೇ. ಇಪ್ಪತ್ತೆರಡರಲ್ಲಿ ಒಂದು ವರ್ಷ ಹೋದರೆ ಏನೂ ನಷ್ಟವಿಲ್ಲ. "ಈ ತಿಂಗಳ ಆಫರ್, ಕಂತಿನಲ್ಲಿ ಕಟ್ಟಬಹುದು" ಅಂತ ಅವಸರ ಮಾಡುವ ಜಾಗದಿಂದ ಎದ್ದು ಬನ್ನಿ. ಮುಖ ಏನು ದೀಪಾವಳಿ ಡಿಸ್ಕೌಂಟಿನ ಫ್ರಿಜ್ಜಾ?

ಚೇತನಾ ರಾಜ್ ಹೆಸರು ನಿಮಗೆ ನೆನಪಿರಬಹುದು. ಕನ್ನಡ ಕಿರುತೆರೆಯ ನಟಿ, ವಯಸ್ಸು ೨೧. ೨೦೨೨ರ ಮೇ ೧೬ರಂದು ಬೆಂಗಳೂರಿನಲ್ಲಿ ಕೊಬ್ಬು ಕರಗಿಸುವ ಆಪರೇಷನ್ ಮಾಡಿಸಿಕೊಂಡ ದಿನವೇ ತೀರಿಕೊಂಡಳು. ಮನೆಯವರಿಗೆ ಹೇಳದೆ ಹೋಗಿದ್ದಳು ಅಂತ ಆಗ ಪತ್ರಿಕೆಗಳಲ್ಲಿ ಬಂದಿತ್ತು. ಅದು ಮುಖದ ಆಪರೇಷನ್ ಅಲ್ಲ, ನಿಜ. ಆದರೆ ನಾನು ಆ ಸುದ್ದಿಯಲ್ಲಿ ಕಂಡದ್ದು ಬೇರೆ. ಹೇಳಿದರೆ ಬೈಯುತ್ತಾರೆ ಅನ್ನುವ ಹೆದರಿಕೆ ಇರುವ ಎಷ್ಟೋ ಮನೆಗಳಲ್ಲಿ ಮಕ್ಕಳು ಹೀಗೆಯೇ ಹೇಳದೆ ಹೋಗುತ್ತಾರೆ. ಜೊತೆಗೆ ಹೋಗಿ "ಡಾಕ್ಟ್ರೇ, ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಇಲ್ಲಿ ಐಸಿಯು ಇದೆಯಾ? ಅರಿವಳಿಕೆ ಕೊಡೋರು ಯಾರು?" ಅಂತ ಕೇಳುವ ದೊಡ್ಡವರೊಬ್ಬರು ಪಕ್ಕದಲ್ಲಿ ಇರೋದಿಲ್ಲ. ಬೈದು ನಾವು ತಡೆಯೋದು ಆಪರೇಷನ್ ಅಲ್ಲ, ಆ ಪ್ರಶ್ನೆಗಳನ್ನು.

ಡಾಕ್ಟರ ಬಗ್ಗೆಯೂ ಒಂದೆರಡು ಮಾತು. ಬೋರ್ಡಿನಲ್ಲಿ ಕಾಸ್ಮೆಟಿಕ್ ಅಂತ ಬರೆದ ಮಾತ್ರಕ್ಕೆ ಒಳಗಿರೋರು ಸರ್ಜನ್ ಅಲ್ಲ. ಪ್ಲಾಸ್ಟಿಕ್ ಸರ್ಜನ್ ಅಂದರೆ ಎಂಬಿಬಿಎಸ್ ಆದಮೇಲೆ ಆ ವಿಷಯದಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಮಾಡಿರಬೇಕು. ಮೂಗಿನ ಕೆಲಸವನ್ನು ತರಬೇತಾದ ಇಎನ್‌ಟಿ ಸರ್ಜನ್‌ಗಳೂ ಮಾಡುತ್ತಾರೆ. ಲೇಸರ್, ಫಿಲ್ಲರ್‌ಗೆ ಚರ್ಮದ ಎಂಡಿ ಇರುವವರ ಹತ್ತಿರ ಹೋಗಿ. ಮೆಡಿಕಲ್ ಕೌನ್ಸಿಲ್ ನೋಂದಣಿ ನಂಬರ್ ಕೇಳೋದು ಅವಮಾನ ಅಲ್ಲ. ಖಾಸಗಿ ಕ್ಲಿನಿಕ್‌ಗಳು ೨೦೦೭ರ ಕೆಪಿಎಂಇ ಕಾಯ್ದೆ ಪ್ರಕಾರ ನೋಂದಣಿ ಆಗಿರಲೇಬೇಕು, ಅದನ್ನೂ ಕೇಳಿ. ಗಾಯವಾದರೆ ಉಬ್ಬಿದ ಕಲೆ ಉಳಿಯುವ ಮೈಯಾದರೆ ಮೊದಲೇ ಹೇಳಿ. ಇಷ್ಟೆಲ್ಲ ಕೇಳಿದ್ದಕ್ಕೆ ಸಿಡುಕಿದರೆ ಚಪ್ಪಲಿ ಮೆಟ್ಟಿ ಹೊರಡಿ.

ಇನ್ನೊಂದು ಗುಂಪಿದೆ. ಬೇರೆ ಯಾರಿಗೂ ಕಾಣದ ಕೊರತೆ ಅವರಿಗೆ ಬೆಟ್ಟದಷ್ಟು ಕಾಣುತ್ತದೆ. ಗಂಟೆಗಟ್ಟಲೆ ಕನ್ನಡಿ, ಹೊರಗೆ ಹೋಗೋಕೆ ಹೆದರಿಕೆ. ಇದೂ ಒಂದು ಕಾಯಿಲೆ, ಬಾಡಿ ಡಿಸ್ಮಾರ್ಫಿಕ್ ಡಿಸಾರ್ಡರ್ ಅಂತಾರೆ. ಇವರಿಗೆ ಮೂಗು ಸರಿಯಾದರೆ ಗದ್ದ ಶುರುವಾಗುತ್ತೆ, ಗದ್ದ ಸರಿಯಾದರೆ ಕಣ್ಣು. ಚಾಕುವಿನಿಂದ ವಾಸಿಯಾಗುವ ಗಾಯ ಅಲ್ಲ ಅದು. ಟೆಲಿ ಮನಸ್ ನಂಬರ್ ೧೪೪೧೬ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಸೂರಗೊಂಡನಕೊಪ್ಪದ ಕಡೆಯವನಾಗಿ ಸೇವಾಲಾಲರದ್ದು ಅಂತ ಹೇಳುವ ಒಂದು ಮಾತನ್ನು ನೆನಪಿಸಿಕೊಳ್ಳದೆ ಇರಲಾರೆ. ಮೊದಲು ತಿಳಿ, ಆಮೇಲೆ ಸೋಸು, ಅದಾದ ಮೇಲೇ ಒಪ್ಪು ಅನ್ನುವ ಅರ್ಥದ ಮಾತು ಅದು. ಗುರುವಿನ ಮಾತಿಗೇ ಈ ಜರಡಿ ಹಿಡಿ ಅನ್ನುವಾಗ ಕ್ಲಿನಿಕ್ಕಿನ ಜಾಹೀರಾತಿಗೆ ಹಿಡಿಯಬಾರದಾ? ಹೆಣ್ಣು ನೋಡೋಕೆ ಬಂದವರ ಬಾಯಿಗೆ ಹಿಡಿಯಬಾರದಾ? "ಮುಖ ಮುಟ್ಟಬೇಡ" ಅನ್ನುವ ನಮ್ಮ ಮಾತಿಗೂ ಹಿಡಿಯಲಿ ಬಿಡಿ.

ದೊಡ್ಡವರು ಮಾಡಬಹುದಾದ್ದು ಇಷ್ಟೇ ಅನ್ನಿಸುತ್ತದೆ ನನಗೆ. ಮಗಳು ಮೂಗಿನ ಮಾತು ತೆಗೆದಾಗ ನಗಬೇಡಿ, ಬೈಯಬೇಡಿ. ಯಾವಾಗಿನಿಂದ ಹಾಗನ್ನಿಸ್ತಿದೆ, ಯಾರಾದರೂ ಏನಾದರೂ ಅಂದರಾ ಅಂತ ಕೇಳಿ. ಅಂದವರು ನಾವೇ ಆಗಿರುವ ಸಾಧ್ಯತೆಯೂ ಇದೆ. ಅಷ್ಟರ ಮೇಲೂ ಬೇಕು ಅಂದರೆ ಡಾಕ್ಟರ ಹತ್ತಿರ ಜೊತೆಗೆ ಹೋಗಿ. ನಿಮ್ಮ ಮನೆಯಲ್ಲಿ ಈ ಮಾತು ಬಂದಾಗ ನೀವೇನಂದಿರಿ? ತಿಳಿದುಕೊಳ್ಳುವ ಕುತೂಹಲ ನನಗಿದೆ.