ಅಕ್ಕನಿಗೆ ಬೆಂಗಳೂರು, ಅಣ್ಣನಿಗೆ?

ನಮ್ಮ ದೊಡ್ಡಪ್ಪನ ಮಗನಿಗೆ ಈಗ ಮೂವತ್ನಾಲ್ಕು. ಕೆ.ಆರ್. ಪೇಟೆ ಹತ್ತಿರ ಮೂರು ಎಕರೆ ಕಬ್ಬು, ನಾಲ್ಕು ಹಸು, ದುಶ್ಚಟ ಇಲ್ಲ. ಏಳು ವರ್ಷದಿಂದ ಹೆಣ್ಣು ಹುಡುಕುತ್ತಿದ್ದಾರೆ. ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಬ್ರೋಕರ್ ಎಲ್ಲಿಗೆ ಕರೆದರೂ ಹೊರಡುತ್ತಾರೆ. ಉಪ್ಪಿಟ್ಟು, ಕಾಫಿ ಆಗುತ್ತದೆ. ‘ಫೋನ್ ಮಾಡ್ತೀವಿ’ ಅನ್ನುತ್ತಾರೆ. ಫೋನ್ ಬರುವುದಿಲ್ಲ. ‘ಈಗಿನ ಹೆಣ್ಮಕ್ಕಳಿಗೆ ಕೊಬ್ಬು, ಬೆಂಗಳೂರೇ ಆಗಬೇಕು’ ಎಂದು ದೊಡ್ಡಪ್ಪ ಬೈಯುತ್ತಾರೆ.

ಈಚೆಗೆ ಹಾಸ್ಟೆಲ್‌ನಲ್ಲಿ ಗೆಳತಿಯ ಲ್ಯಾಪ್‌ಟಾಪ್‌ನಲ್ಲಿ ಜಪಾನಿನ ಯಸುಜಿರೊ ಓಜು ನಿರ್ದೇಶಿಸಿದ ‘ಈಕ್ವಿನಾಕ್ಸ್ ಫ್ಲವರ್’ ನೋಡಿದೆ. 1958ರ ಸಿನಿಮಾ, ಓಜು ಅವರ ಮೊದಲ ಕಲರ್ ಚಿತ್ರ. (ಮದುವೆಯ ಬಗ್ಗೆ ಇಷ್ಟೊಂದು ಸಿನಿಮಾ ಮಾಡಿದ ಈ ಮನುಷ್ಯ ಮದುವೆಯೇ ಆಗಲಿಲ್ಲ!) ಅದರಲ್ಲಿ ಹಿರಾಯಾಮ ಎಂಬ ಅಧಿಕಾರಿ ಬೇರೆಯವರ ಹೆಣ್ಣುಮಕ್ಕಳು ಇಷ್ಟಪಟ್ಟವರನ್ನು ಮದುವೆಯಾಗಲಿ ಎನ್ನುವ ಉದಾರಿ. ತನ್ನ ಮಗಳನ್ನು ಕೇಳಿಕೊಂಡು ಹುಡುಗನೊಬ್ಬ ಆಫೀಸಿಗೇ ಬಂದಾಗ ಮಾತ್ರ ಮುಖ ಗಂಟು. ಕೊನೆಗೆ ಪರಿಚಯದವರ ಮಗಳು ಯುಕಿಕೊ ತನ್ನದೇ ಕಷ್ಟ ಎಂಬಂತೆ ಹೇಳಿ ಅವನಿಂದ ‘ಆಗು’ ಅನ್ನಿಸಿ, ಅದು ನಿಮ್ಮ ಮಗಳ ಕಥೆಯೇ ಎಂದುಬಿಡುತ್ತಾಳೆ. ಜೋರಾಗಿ ನಕ್ಕೆ. ಆಮೇಲೆ ದೊಡ್ಡಪ್ಪ ನೆನಪಾದರು.

ಮೂರು ವರ್ಷದ ಹಿಂದೆ ಅವರ ಮಗಳನ್ನು ನೋಡಲು ಪಾಂಡವಪುರ ಕಡೆಯ ರೈತ ಹುಡುಗ ಬಂದಿದ್ದ. ಒಪ್ಪಿಯೂ ಹೋದ. ‘ನಾನು ಗೊಬ್ಬರ ಹೊತ್ತಿದ್ದು ಸಾಕು, ನನ್ನ ಮಗಳು ಹೊರೋದು ಬೇಡ’ ಎಂದರು ದೊಡ್ಡಮ್ಮ. ಅಕ್ಕನನ್ನು ಬೆಂಗಳೂರಿನ ಸಾಫ್ಟ್‌ವೇರ್ ಹುಡುಗನಿಗೆ ಕೊಟ್ಟರು. ಫೋನ್ ಮಾಡ್ತೀವಿ ಎಂದು ಮಾಡದೇ ಇದ್ದವರು ಅವತ್ತು ನಾವೇ.

2023ರ ಫೆಬ್ರುವರಿಯಲ್ಲಿ ನಮ್ಮ ಜಿಲ್ಲೆಯ ಅವಿವಾಹಿತ ಯುವಕರು ಹೆಣ್ಣು ಸಿಗಲಿ ಎಂದು ಕೆ.ಎಂ. ದೊಡ್ಡಿಯಿಂದ ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟಾಗ ಎಲ್ಲರಂತೆ ನಾನೂ ಮೀಮ್ ಫಾರ್ವರ್ಡ್ ಮಾಡಿದ್ದೆ. ಅದರ ಹಿಂದಿನ ವರ್ಷ ಆದಿಚುಂಚನಗಿರಿಯ ವಧು-ವರರ ಸಮಾವೇಶದಲ್ಲಿ ಸಾವಿರಾರು ಗಂಡುಗಳೆದುರು ಹುಡುಗಿಯರು ಕೆಲವೇ ನೂರು. ಹುಡುಗಿಯರು ಎಲ್ಲಿ ಹೋದರು? 2023ರ ಕೊನೆಗೆ ಮಂಡ್ಯದ ಆಲೆಮನೆಯಲ್ಲಿ, 2024ರ ಮೇನಲ್ಲಿ ಪಾಂಡವಪುರದ ಆರೋಗ್ಯ ಇಲಾಖೆ ಕ್ವಾರ್ಟರ್ಸ್‌ನಲ್ಲಿ ಬೆಳಕಿಗೆ ಬಂದ ಭ್ರೂಣಹತ್ಯೆ ಪ್ರಕರಣಗಳನ್ನು ಓದಿದವರು ಹುಡುಗಿಯರ ಕೊಬ್ಬಿನ ಮಾತಾಡಬಾರದು.

ಉಳಿದ ನಾವು ‘ಬೇಡ’ ಅನ್ನುವುದು ರೈತನನ್ನಲ್ಲ, ದೊಡ್ಡಮ್ಮ ಹೊತ್ತ ಗೊಬ್ಬರವನ್ನು. ಹೆಣ್ಣು ನೋಡಲು ಬಂದವರು ಎಷ್ಟು ಎಕರೆ, ಬೋರ್‌ವೆಲ್‌ನಲ್ಲಿ ಎಷ್ಟು ಇಂಚು ನೀರು ಎಂದೆಲ್ಲ ಹೇಳುತ್ತಾರೆ. ಸೊಸೆ ಎಷ್ಟು ಗಂಟೆಗೆ ಕೊಟ್ಟಿಗೆಗೆ ಇಳಿಯಬೇಕು, ಓದಿದ ಓದಿಗೆ ಮೈಸೂರಿಗೆ ಕೆಲಸಕ್ಕೆ ಹೋಗಬಹುದಾ, ಪಹಣಿಯಲ್ಲಿ ಅವಳ ಹೆಸರು ಇರುತ್ತದಾ ಎಂದು ಯಾರೂ ಹೇಳುವುದಿಲ್ಲ. ನಾನಂತೂ ಇವನ್ನು ಕೇಳುವವಳೇ. ಸರಿಯಾದ ಉತ್ತರ ಕೊಟ್ಟವನು ಕಬ್ಬು ಬೆಳೆಯುವವನಾದರೂ ನನಗೆ ಚಿಂತೆಯಿಲ್ಲ.

ಹೋದ ಭಾನುವಾರ ದೊಡ್ಡಪ್ಪ ಮತ್ತೆ ಅದೇ ರಾಗ ತೆಗೆದರು. ‘ಅಕ್ಕನಿಗೂ ಕೊಬ್ಬಿತ್ತಾ?’ ಎಂದೆ. ಅವರು ಟಿ.ವಿ. ಸೌಂಡ್ ಜಾಸ್ತಿ ಮಾಡಿದರು. ಅಣ್ಣ ಹಾಲಿನ ಕ್ಯಾನ್ ಎತ್ತಿಕೊಂಡು ಡೇರಿಗೆ ಹೊರಟ.