ಕೀಲಿಕೈ ಕೊಟ್ಟವರು ಯಾರು?

ಪುಣೆ, ಮುಂಬಯಿ ಕಡೆ ಶ್ರೀಮಂತರ ಮನೆಯ ಹುಡುಗನೊಬ್ಬ ಕಾರು ಹಾಯಿಸಿ ಯಾರನ್ನಾದರೂ ಕೊಂದ ಅಂತ ಸುದ್ದಿ ಬಂದರೆ ಸಾಕು, ಊರಿನಿಂದ ನಮಗೆ ಫೋನುಗಳು ಶುರುವಾಗುತ್ತವೆ. "ಏನಪಾ, ನಿಮ್ಮ ಕಡೆ ಹುಡುಗರು ಆ ಕಂಪ್ಯೂಟರಿನ್ಯಾಗ ಕಾರಿನ ಆಟ ಆಡಿ ಆಡಿ ಕೆಟ್ಟು ಕೆರ ಹಿಡದಾರಲ್ಲ!" ಹೀಗೆ ಹೇಳುವವರಿಗೆ ಹೊರನಾಡು ಅಂದರೇ ಮಕ್ಕಳು ಹಾಳಾಗುವ ಜಾಗ, ಕಂಪ್ಯೂಟರ್ ಆಟ ಅದರ ಹೆಬ್ಬಾಗಿಲು. ಮೂವತ್ತು ಚಿಲ್ಲರೆ ವರ್ಷ ಬ್ಯಾಂಕಿನಲ್ಲಿ ಸಾಲ ಕೊಟ್ಟು, ವಸೂಲಿ ಮಾಡಿ, ನಿವೃತ್ತನಾಗಿ ಪುಣೆಯಲ್ಲೇ ನೆಲೆ ನಿಂತಿರುವ ನನಗೆ ಈ ಲೆಕ್ಕ ಒಪ್ಪಿಗೆಯಿಲ್ಲ. ದೊಡ್ಡವರು ಮಾಡಿದ ಸಾಲವನ್ನು ತಂದು ಆಟದ ಖಾತೆಗೆ ಖರ್ಚು ಬರೆಯುತ್ತಿದ್ದಾರೆ, ಅಷ್ಟೆ.

ನಾನು ಆಟವನ್ನು ಬರೀ ಕೇಳಿ ಮಾತಾಡುತ್ತಿಲ್ಲ. 'ನೀಡ್ ಫಾರ್ ಸ್ಪೀಡ್: ಮೋಸ್ಟ್ ವಾಂಟೆಡ್' ಎಂಬ ಆಟ 2005ರಲ್ಲಿ ಬಂತು. ಆಗ ನನ್ನ ಮಗನಿಗೆ ಹದಿನೇಳು. ಈಗ ಅವನ ಮಗ ಅದೇ ಆಟ ಆಡುತ್ತಾನೆ, ಪಕ್ಕದಲ್ಲಿ ಕೂತು ನಾನೂ ಆಡುತ್ತೇನೆ. ಆಟ ಶುರುವಾದಾಗ ನಿಮ್ಮ ಕೈಗೆ ಬಿಎಂಡಬ್ಲ್ಯು ಎಂ3 ಜಿಟಿಆರ್ ಕೊಡುತ್ತಾರೆ. ಸ್ವಲ್ಪ ಹೊತ್ತಿನಲ್ಲೇ ಮೋಸದಿಂದ ಅದು ಕೈತಪ್ಪಿ ಹೋಗುತ್ತದೆ. ಆಮೇಲೆ ಇದ್ದಷ್ಟು ದುಡ್ಡಿನಲ್ಲಿ ಫಿಯಟ್ ಪುಂಟೋದಂಥ ಸಾದಾ ಕಾರು ಕೊಳ್ಳಬೇಕು. ಪಂದ್ಯ ಗೆದ್ದು ದುಡ್ಡು ಗಳಿಸಬೇಕು, ಆ ದುಡ್ಡಿನಿಂದ ಇಂಜಿನ್ನು, ಟೈರು, ಬ್ರೇಕು, ನೈಟ್ರಸ್ ಒಂದೊಂದಾಗಿ ಹಾಕಿಸಬೇಕು. ದುಡ್ಡಿದ್ದರೂ ಎಲ್ಲ ಸಾಮಾನು ಒಮ್ಮೆಲೇ ಸಿಗುವುದಿಲ್ಲ. ಹದಿನೈದು ಜನ ಎದುರಾಳಿಗಳ ಪಟ್ಟಿಯಲ್ಲಿ ಒಬ್ಬೊಬ್ಬರನ್ನೇ ಸೋಲಿಸುತ್ತಾ ಮೇಲೆ ಹೋದ ಹಾಗೆ ಅಂಗಡಿಯ ಬಾಗಿಲು ತೆರೆಯುತ್ತಾ ಹೋಗುತ್ತದೆ. ಆ ಬಿಎಂಡಬ್ಲ್ಯು ಮತ್ತೆ ಸಿಗುವುದು ಕಟ್ಟಕಡೆಗೆ. ಪೊಲೀಸರ ಕೈಗೆ ಸಿಕ್ಕರೆ ದಂಡ, ಜೊತೆಗೆ ಆ ಕಾರಿನ ಹೆಸರಿಗೆ ಒಂದು ಗುರುತು. ಮೂರು ಗುರುತು ತುಂಬಿದರೆ ಕಾರೇ ಜಪ್ತಿ!

ಬ್ಯಾಂಕಿನವನಾದ ನಾನು ಇದರಲ್ಲಿ ಕಂಡದ್ದು ಏನು ಗೊತ್ತೇ? ಮಾರ್ಜಿನ್ ಹಣ ಇಲ್ಲದವನಿಗೆ ಸಾಲವಿಲ್ಲ, ಹಳೆಯ ಕಂತು ಕಟ್ಟದವನಿಗೆ ಹೊಸ ಸಾಲವಿಲ್ಲ, ತಪ್ಪಿದರೆ ಜಪ್ತಿ. ಇದೇ ಶಿಸ್ತು. ನಮ್ಮ ಎಷ್ಟು ಮನೆಗಳಲ್ಲಿ ಅಪ್ಪಂದಿರು ಮಕ್ಕಳ ಮೇಲೆ ಇಷ್ಟು ಬಿಗಿ ಇಟ್ಟಿದ್ದಾರೆ ಸ್ವಾಮಿ? ಆಟ ಕಡೆಗೆ ಕೊಡುವ ಕಾರನ್ನು ಇವರು ಮೊದಲೇ ಕೊಟ್ಟುಬಿಡುತ್ತಾರೆ!

ಹಾಗಂತ ಆಟಕ್ಕೆ ಪೂರ್ತಿ ನಂಬರು ಕೊಡುವವನು ನಾನಲ್ಲ. ಪೊಲೀಸರಿಂದ ತಪ್ಪಿಸಿಕೊಂಡು ಓಡಿದಷ್ಟೂ, ಅವರ ಗಾಡಿ ಜಖಂ ಮಾಡಿದಷ್ಟೂ ಅಲ್ಲಿ ನಿಮ್ಮ ತಲೆಯ ಬೆಲೆ ಏರುತ್ತದೆ, ಅದೇ ದೊಡ್ಡಸ್ತಿಕೆ. ಗೋಡೆಗೆ ಗುದ್ದಿದರೂ ಒಂದಿಷ್ಟು ಗೀರು ಬಿದ್ದೀತು, ಗಾಜು ಒಡೆದೀತು, ಕಾರು ಮಾತ್ರ ಓಡುತ್ತಲೇ ಇರುತ್ತದೆ. ಎಲ್ಲಕ್ಕಿಂತ ದೊಡ್ಡ ಸುಳ್ಳು ಇನ್ನೊಂದಿದೆ. ಆ ಊರಿನ ರಸ್ತೆಯಲ್ಲಿ ಒಬ್ಬ ನರಮನುಷ್ಯ ನಡೆದು ಹೋಗುವುದಿಲ್ಲ. ನಮ್ಮ ದೇಶದ ರಸ್ತೆಯಲ್ಲಿ 2022ರ ಒಂದೇ ವರ್ಷ ಸತ್ತವರು ಸರ್ಕಾರದ ಲೆಕ್ಕದಲ್ಲಿ 1,68,491 ಜನ, ಅವರಲ್ಲಿ ಮೂವತ್ತೆರಡು ಸಾವಿರಕ್ಕೂ ಹೆಚ್ಚು ಮಂದಿ ಪಾದಚಾರಿಗಳು. ಆಟ ಬಿಟ್ಟುಬಿಟ್ಟ ಈ ಲೆಕ್ಕವನ್ನು ಹುಡುಗನಿಗೆ ಹೇಳಬೇಕಾದವರು ಮನೆಯವರು. ಮೊಮ್ಮಗ ಒಂದು ದಿನ "ಅಜ್ಜಾ, ನಮ್ಮ ಕಾರಿಗೂ ಹಿಂಗ ದೊಡ್ಡ ಸೈಲೆನ್ಸರು, ಬ್ಯಾರೆ ಇಂಜಿನ್ ಹಾಕಸೋಣು" ಅಂದ. ಕಂಪನಿಯವರು ಮಾಡಿಕೊಟ್ಟ ಮೂಲ ರೂಪವನ್ನು ಮನಸ್ಸಿಗೆ ಬಂದ ಹಾಗೆ ಬದಲಿಸುವಂತಿಲ್ಲ, ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಹಾಗೆ ಹೇಳುತ್ತದೆ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಎತ್ತಿ ಹಿಡಿಯಿತು ಅಂತ ತಿಳಿಸಿ ಹೇಳಿದೆ. ಐದು ನಿಮಿಷದ ಕೆಲಸ. ಆದರೆ ಆ ಐದು ನಿಮಿಷ ಮಗುವಿನ ಪಕ್ಕದಲ್ಲಿ ಯಾರಾದರೂ ಕೂತಿರಬೇಕಲ್ಲ?

ಈಗ ಪುಣೆಯ ವಿಷಯಕ್ಕೇ ಬರೋಣ. 2024ರ ಮೇ 19ರ ನಸುಕಿನಲ್ಲಿ ಕಲ್ಯಾಣಿನಗರದಲ್ಲಿ ಪೋರ್ಷೆ ಕಾರೊಂದು ಬೈಕಿಗೆ ಬಡಿದು ಇಬ್ಬರು ಇಂಜಿನಿಯರುಗಳು ತೀರಿಕೊಂಡರು. ಇಬ್ಬರಿಗೂ 24 ವರ್ಷ, ಇಬ್ಬರೂ ಮಧ್ಯಪ್ರದೇಶದವರು. ನಮ್ಮ ಮಕ್ಕಳ ಹಾಗೆಯೇ ಊರು ಬಿಟ್ಟು ಬಂದವರು. ಕಾರು ಓಡಿಸುತ್ತಿದ್ದವನು 17 ವರ್ಷದ ಹುಡುಗ ಎಂದರು ಪೊಲೀಸರು. ಬಾಲ ನ್ಯಾಯ ಮಂಡಳಿ ಅವತ್ತೇ ಜಾಮೀನು ಕೊಟ್ಟು, ಅಪಘಾತದ ಬಗ್ಗೆ 300 ಪದಗಳ ಪ್ರಬಂಧ ಬರೆಯಲು ಹೇಳಿದ್ದು ದೇಶಕ್ಕೆಲ್ಲ ಗೊತ್ತಾಯಿತು. ಆ ಕಾರು ಬಂದದ್ದು ನಮ್ಮ ಬೆಂಗಳೂರಿನ ಡೀಲರರಿಂದ, ತಾತ್ಕಾಲಿಕ ನೋಂದಣಿಯ ಮೇಲೆ. ಕಾಯಂ ನೋಂದಣಿ ಆಗಿರಲಿಲ್ಲ, ಯಾಕೆಂದರೆ 1,758 ರೂಪಾಯಿ ಶುಲ್ಕ ಕಟ್ಟಿರಲಿಲ್ಲವಂತೆ! ಕೋಟಿಗಟ್ಟಲೆ ಬೆಲೆಯ ಕಾರು, ಬಾಕಿ ಉಳಿದದ್ದು ಸಾವಿರದ ಏಳುನೂರ ಐವತ್ತೆಂಟು ರೂಪಾಯಿ. ಯಾರ ತಪ್ಪು ಎಷ್ಟು ಎಂದು ತೂಗುವುದು ಕೋರ್ಟಿನ ಕೆಲಸ. ಆದರೆ ಯಾವ ಕಂಪ್ಯೂಟರ್ ಆಟವೂ ಹದಿನೇಳರ ಹುಡುಗನಿಗೆ ನಿಜವಾದ ಕಾರು ಕೊಡಿಸುವುದಿಲ್ಲ ಅನ್ನುವುದಕ್ಕೆ ಕೋರ್ಟು ಬೇಕಿಲ್ಲ.

ಕಾನೂನಿಗೂ ಇದು ಗೊತ್ತಿದೆ. 2019ರಲ್ಲಿ ಸೇರಿಸಿದ 199ಎ ಕಲಮಿನ ಪ್ರಕಾರ ಅಪ್ರಾಪ್ತ ವಯಸ್ಕ ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸಿಲ್ಲ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಜಾಮೀನು ನಿಂತವನೇ ಹೊಣೆ.

ಊರಿನವರೇ, ಪುಣೆಯನ್ನು ಬೈಯುವ ಮೊದಲು ನಿಮ್ಮ ಓಣಿಯನ್ನೇ ಒಮ್ಮೆ ನೋಡಿ. ಹತ್ತನೇ ಇಯತ್ತೆ ಪಾಸಾದನೆಂದು ಬೈಕು ಕೊಡಿಸಿದವರು ಯಾರು? ಕಾಲು ನೆಲಕ್ಕೆ ಮುಟ್ಟದ ಹುಡುಗನನ್ನು ಸ್ಕೂಟರಿನಲ್ಲಿ ಹಾಲಿಗೆ ಕಳಿಸುವವರು ಯಾರು? "ನಮ್ಮ ಹುಡುಗ ಹದಿನಾಲ್ಕಕ್ಕೇ ಕಾರು ಹೊಡೀತಾನ" ಅಂತ ಮದುವೆ ಮನೆಯಲ್ಲಿ ಹತ್ತು ಜನರೆದುರು ಹೆಮ್ಮೆಪಡುವವರು ಯಾರು? ನನ್ನ ಮಗ ಎರಡು ವರ್ಷ ಆ ಆಟ ಆಡಿದ. ಲೈಸೆನ್ಸು ಬರುವವರೆಗೆ ನಮ್ಮ ಮಾರುತಿ 800ರ ಕೀಲಿಕೈ ಅವನ ಕೈಗೆ ಹೋಗಲಿಲ್ಲ. ಅವನು ಅತ್ತ, ಮುನಿಸಿಕೊಂಡ, ಊಟ ಬಿಟ್ಟ. ಅವನ ತಾಯಿ ಕೀಲಿಕೈಯನ್ನು ದೇವರ ಮನೆಯಲ್ಲಿ ಇಡುತ್ತಿದ್ದಳು. ಇವತ್ತು ಹದಿನೇಳು ವರ್ಷದಿಂದ ಕಾರು ಓಡಿಸುತ್ತಿದ್ದಾನೆ, ಒಬ್ಬರಿಗೂ ತಾಗಿಸಿಲ್ಲ.

ಆಟವನ್ನು ನಿಲ್ಲಿಸಿ ಎಂದು ಸರ್ಕಾರಕ್ಕೆ ಅರ್ಜಿ ಹಾಕುವುದು ಸುಲಭ, ಅದಕ್ಕೆ ಯಾವ ಅಪ್ಪನೂ ಏನೂ ಕಳೆದುಕೊಳ್ಳಬೇಕಾಗಿಲ್ಲ. ಮಗನಿಗೆ "ಇನ್ನೂ ವಯಸ್ಸಾಗಿಲ್ಲ, ಕೊಡೋದಿಲ್ಲ" ಅನ್ನುವುದು ಕಷ್ಟ. ಆಟ ಆಡಲಿ ಬಿಡಿ, ಜೊತೆಗೆ ನೀವೂ ಕೂತುಕೊಳ್ಳಿ. ಆದರೆ ಗೂಟಕ್ಕೆ ತೂಗುಹಾಕಿದ ಆ ನಿಜವಾದ ಕೀಲಿಕೈಯನ್ನು ಮಾತ್ರ ಇವತ್ತೇ ತೆಗೆದು ಒಳಗಿಡಿ.